ಕ್ರೀಡಾಂಗಣಕ್ಕೆ ಯಾರ ಹಣ?

ಆಟವಾಡುವುದು ಮನುಷ್ಯನ ಸಹಜ ಪ್ರವೃತ್ತಿ. ಹೊಟ್ಟೆ ತುಂಬಿದ ಮಗು ಮರುಗಳಿಗೆಯಲ್ಲೇ ಆಟಕ್ಕೆ ಹೊರಡುತ್ತದೆ. ಅದಕ್ಕೆ ಒಂದು ಬಯಲು ಸಿಕ್ಕಿದರೆ ಸಾಕು. ಚಿನ್ನಿದಾಂಡು, ಲಗೋರಿ, ಕಬಡ್ಡಿ, ಖೋಖೋ, ಕ್ರಿಕೆಟ್ಟು ಎಲ್ಲವೂ ಅಲ್ಲಿ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಹಿಂದೆ ನಮ್ಮ ನಾಡಿನ ಅನೇಕ ಊರುಗಳಲ್ಲಿ ಗರಡಿಮನೆಗಳಿದ್ದವು. ಊರವರೇ ಕೂಡಿ ಗೋಡೆ ಎತ್ತುತ್ತಿದ್ದರು, ಕೆಮ್ಮಣ್ಣನ್ನು ಹದಮಾಡಿ ಅಖಾಡ ಸಿದ್ಧಪಡಿಸುತ್ತಿದ್ದರು, ಪಟ್ಟು ಕಲಿಸುವ ಉಸ್ತಾದರ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದರು. ಕಟ್ಟಿದವರ ಮಕ್ಕಳೇ ಅಲ್ಲಿ ಸಾಮು ಮಾಡುತ್ತಿದ್ದರು. ಆದುದರಿಂದ ಗರಡಿಮನೆಗೆ ಹಣ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಿಯೂ ಏಳುತ್ತಿರಲಿಲ್ಲ.

ಇಂದಿನ ಸ್ಥಿತಿ ಹಾಗಿಲ್ಲ. ಆಟವು ಈಗ ಒಂದು ದೊಡ್ಡ ಉದ್ಯಮವೂ ಆಗಿದೆ. ಆಟಗಾರರಿಗೆ ಸಂಬಳ ಉಂಟು, ತಂಡಕ್ಕೆ ಒಡೆಯರುಂಟು, ಪಂದ್ಯವನ್ನು ನೋಡಲು ಟಿಕೇಟು ಉಂಟು, ದೂರದರ್ಶನದಲ್ಲಿ ತೋರಿಸುವ ಹಕ್ಕಿಗೆ ಬೆಲೆ ಉಂಟು. ಹೀಗೆ ಹಣ ಗಳಿಕೆಯ ಉದ್ದೇಶದಿಂದ ನಡೆಯುವ ಆಟವನ್ನು ವೃತ್ತಿಪರ ಕ್ರೀಡೆ ಎನ್ನುತ್ತೇವೆ. ಅದಕ್ಕೆ ಸಾವಿರಾರು ಜನ ಕುಳಿತು ನೋಡಬಹುದಾದ ಕ್ರೀಡಾಂಗಣ ಬೇಕು. ಅದನ್ನು ಕಟ್ಟುವವರು ಯಾರು? ತಂಡದ ಒಡೆಯರೇ? ನೋಡಲು ಬರುವ ಪ್ರೇಕ್ಷಕರೇ? ಅಥವಾ ಸರ್ಕಾರವೇ? ಸರ್ಕಾರ ಕಟ್ಟುವುದೆಂದರೆ ನಾವೆಲ್ಲರೂ ಸೇರಿ ಕಟ್ಟುವುದೆಂದೇ ಅರ್ಥ. ಈ ಪ್ರಶ್ನೆ ಮೇಲುನೋಟಕ್ಕೆ ನಗರವಾಸಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಅದು ಹಳ್ಳಿಯ ಶಾಲೆಯ ಅಂಗಳದವರೆಗೂ ಬಂದು ಮುಟ್ಟುತ್ತದೆ.

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪಾಪಿನಾಯಕನಹಳ್ಳಿ ಎಂಬ ಊರಿದೆ. ಇದು ಕಬ್ಬಿಣದ ಅದಿರಿನ ಸೀಮೆ. ಸಂಡೂರಿನ ಬೆಟ್ಟಸಾಲು ಇಲ್ಲಿಗೆ ದೂರವಲ್ಲ. ಈ ಊರಿನ ವಾಯವ್ಯಕ್ಕೆ ಹಂಪಿಯಿದೆ; ಪೂರ್ವಕ್ಕೆ ಹೆದ್ದಾರಿಯಲ್ಲಿ ಮುಂದುವರಿದರೆ ತೋರಣಗಲ್ಲು ಸಿಗುತ್ತದೆ. ಒಂದು ಕಡೆ, ಐದು ಶತಮಾನಗಳ ಹಿಂದೆ ರಾಜರ ಬೊಕ್ಕಸದಿಂದ ಉತ್ಸವ ವೇದಿಕೆಗಳೂ ಕೆರೆ ಕಾಲುವೆಗಳೂ ನಿರ್ಮಾಣಗೊಂಡ ನೆಲ. ಇನ್ನೊಂದು ಕಡೆ, ಖಾಸಗಿ ಉಕ್ಕಿನ ಕಾರ್ಖಾನೆಯ ಆಶ್ರಯದಲ್ಲಿ ಎದ್ದುನಿಂತ ಆಧುನಿಕ ಕ್ರೀಡಾ ತರಬೇತಿ ಸಂಸ್ಥೆ. ನಮ್ಮ ಪ್ರಶ್ನೆಯನ್ನು ವಿಚಾರಮಾಡಲು ಇದಕ್ಕಿಂತ ತಕ್ಕ ಸ್ಥಳ ಬೇರೊಂದಿರಲಾರದು.

ಮೊದಲು ಹಂಪಿಯನ್ನು ನೋಡೋಣ. ಅಲ್ಲಿಯ ಮಹಾನವಮಿ ದಿಬ್ಬವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಒಂಬತ್ತು ದಿನಗಳ ಮಹಾನವಮಿ ಉತ್ಸವವನ್ನು ವಿವರವಾಗಿ ಬಣ್ಣಿಸಿದ್ದಾನೆ. ನೃತ್ಯ, ಆನೆ ಕುದುರೆಗಳ ಮೆರವಣಿಗೆ, ಬಾಣಬಿರುಸುಗಳ ಜೊತೆಗೆ ಜಟ್ಟಿಗಳ ಕಾಳಗವೂ ಅಲ್ಲಿ ನಡೆಯುತ್ತಿತ್ತು. ಸುತ್ತಲೂ ಅಟ್ಟಣೆಗಳನ್ನು ಕಟ್ಟಲಾಗುತ್ತಿತ್ತು. ಆ ಕಾಲದ ಮಹಾ ಕ್ರೀಡಾಂಗಣ ಅದೇ ಎಂದರೆ ತಪ್ಪಾಗಲಾರದು. ಅದರ ವೆಚ್ಚವನ್ನು ಭರಿಸಿದ್ದು ಅರಮನೆಯ ಬೊಕ್ಕಸ. ಬೊಕ್ಕಸ ತುಂಬುತ್ತಿದ್ದುದು ಎಲ್ಲಿಂದ? ಉಳುವವನ ಕಂದಾಯದಿಂದ, ವ್ಯಾಪಾರಿಯ ಸುಂಕದಿಂದ. ನಾಯಕರು ತಾವು ಸಲ್ಲಿಸಬೇಕಾದ ವಾರ್ಷಿಕ ಹಣವನ್ನು ಇದೇ ಹಬ್ಬದ ಕಾಲದಲ್ಲಿ ಒಪ್ಪಿಸುತ್ತಿದ್ದರೆಂದು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳಿದ್ದಾನೆ.

ಅದೇ ಬೊಕ್ಕಸ ಇನ್ನೊಂದು ಬಗೆಯ ವೆಚ್ಚವನ್ನೂ ಮಾಡಿತು. ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ ದೊಡ್ಡದೊಂದು ಕೆರೆಯನ್ನು ನಿರ್ಮಿಸುತ್ತಿದ್ದುದನ್ನು ಪಾಯಸ್ ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕೆಲಸ ಮಾಡುತ್ತಿದ್ದರೆಂದು ಅವನು ಬರೆದಿದ್ದಾನೆ. ಆ ಕೆರೆಯ ನೀರು ಹರಿದ ಭೂಮಿಯನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಡಲಾಯಿತು. ಅವರು ಹೊಲಗದ್ದೆಗಳನ್ನು ಹಸನು ಮಾಡಿಕೊಂಡ ಮೇಲೆ ಅಲ್ಲಿಂದ ಬರುವ ಉತ್ಪನ್ನ 20,000 ವರಹಗಳಷ್ಟಾಯಿತು ಎಂದು ನೂನಿಜ್ ತಿಳಿಸುತ್ತಾನೆ. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹೊಸಪೇಟೆ, ಹಂಪಿಗಳ ಸುತ್ತಿನ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ.

ಇವೆರಡೂ ಒಂದೇ ಬೊಕ್ಕಸದ ಖರ್ಚುಗಳು. ದಿಬ್ಬ ವ್ಯರ್ಥ, ಕೆರೆಯೊಂದೇ ಸಾರ್ಥಕ ಎಂದು ನಾವು ಅವಸರದಿಂದ ತೀರ್ಪು ಕೊಡಬಾರದು. ಉತ್ಸವವೂ ಜನರನ್ನು ಒಂದುಗೂಡಿಸಿತು, ರಾಜ್ಯದ ಕೀರ್ತಿಯನ್ನು ಹೆಚ್ಚಿಸಿತು. ಆದರೆ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಕೆರೆಗೆ ಹಾಕಿದ ಹಣ ಮತ್ತೆ ಬೊಕ್ಕಸಕ್ಕೆ ಬಂತು. ಅಷ್ಟೇ ಅಲ್ಲ, ಅದು ರೈತನ ಕಣಜದ ಹಾದಿಯಾಗಿ ಬಂತು. ಉತ್ಸವಕ್ಕೆ ಹಾಕಿದ ಹಣ ಕಣ್ಣಿಗೆ ಹಬ್ಬವಾಯಿತು, ಮನಸ್ಸಿಗೆ ಹೆಮ್ಮೆಯಾಯಿತು. ಹೆಮ್ಮೆಗೂ ಬೆಲೆಯಿದೆ, ಆದರೆ ಅದನ್ನು ಕಂದಾಯದ ಲೆಕ್ಕದಲ್ಲಿ ಬರೆಯಲು ಬಾರದು. ಕ್ರೀಡಾಂಗಣದ ಚರ್ಚೆಯಲ್ಲಿ ಹುಟ್ಟುವ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡು ಲೆಕ್ಕಗಳನ್ನು ಬೆರೆಸುವುದರಿಂದಲೇ.

ಸಾರ್ವಜನಿಕ ಹಣ ಎಂದರೇನು? ತೆರಿಗೆ ಕಟ್ಟುವವರು ಶ್ರೀಮಂತರು ಮಾತ್ರ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಕೂಲಿಯವನು ಒಂದು ಸಾಬೂನನ್ನು ಕೊಂಡರೂ ಅದರ ಬೆಲೆಯಲ್ಲಿ ತೆರಿಗೆ ಅಡಗಿದೆ. ಹೀಗೆ ಎಲ್ಲರಿಂದಲೂ ಸಂಗ್ರಹವಾದ ಹಣ ಸಾರ್ವಜನಿಕ ಹಣ. ಸರ್ಕಾರದ ನೆಲವೂ ಸಾರ್ವಜನಿಕ ಹಣವೇ. ಅದನ್ನು ಕಡಿಮೆ ಬಾಡಿಗೆಗೆ ಕೊಟ್ಟರೆ ಅಷ್ಟು ಹಣವನ್ನು ಕೊಟ್ಟಂತೆಯೇ ಲೆಕ್ಕ. ಸರ್ಕಾರಿ ಮಂಡಳಿಗಳು, ನಿಗಮಗಳು ಗಳಿಸಿದ್ದೂ ಸಾರ್ವಜನಿಕ ಹಣವೇ. ಈ ಹಣಕ್ಕೆ ಒಂದು ಗುಣವಿದೆ: ಒಂದು ರೂಪಾಯಿಯನ್ನು ಎರಡು ಕಡೆ ಖರ್ಚು ಮಾಡಲಾಗದು. ಕ್ರೀಡಾಂಗಣಕ್ಕೆ ಹೋದ ರೂಪಾಯಿ ಆಸ್ಪತ್ರೆಗೆ ಹೋಗಲಾರದು. ಆಸ್ಪತ್ರೆಗೆ ಹೋದದ್ದು ಶಾಲೆಗೆ ಬರಲಾರದು. ಆದ್ದರಿಂದ ಕ್ರೀಡಾಂಗಣ ಒಳ್ಳೆಯದೇ ಎಂದು ಕೇಳಿದರೆ ಸಾಲದು. ಅದೇ ಹಣದಿಂದ ಆಗಬಹುದಾಗಿದ್ದ ಬೇರೆ ಕೆಲಸಕ್ಕಿಂತ ಅದು ಒಳ್ಳೆಯದೇ ಎಂದು ಕೇಳಬೇಕು.

ಈಗ ಕ್ರೀಡಾಂಗಣದ ಪರವಾಗಿ ಹೇಳುವವರ ಮಾತನ್ನು ಕೇಳೋಣ. ದೊಡ್ಡ ಕ್ರೀಡಾಂಗಣವನ್ನು ಕಟ್ಟುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ, ಅದಕ್ಕೆ ಸರ್ಕಾರದ ಆಸರೆ ಬೇಕೇ ಬೇಕು ಎಂಬುದು ಅವರ ಮೊದಲ ವಾದ. ಇದರಲ್ಲಿ ನಿಜಾಂಶವಿದೆ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣವೂ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವೂ ಸರ್ಕಾರದ ಹಣದಿಂದಲೇ ಸಿದ್ಧವಾದವು. ಆಟಗಾರರು ಬೆಳೆಯಲು ಅಂಗಣ ಬೇಕು, ಬಡವರ ಮಕ್ಕಳಿಗೆ ಸರ್ಕಾರವಲ್ಲದೆ ಬೇರೆ ಯಾರು ಅಂಗಣ ಕೊಡುವರು ಎಂಬುದು ಎರಡನೆಯ ವಾದ. ಇದೂ ನಿಜವೇ. ಒಂದು ಊರಿನ ತಂಡ ಗೆದ್ದರೆ ಟಿಕೇಟು ಕೊಳ್ಳದವನೂ ಹಿಗ್ಗುತ್ತಾನೆ, ಆ ಹಿಗ್ಗಿಗೆ ಯಾರೂ ಅವನಿಂದ ಹಣ ವಸೂಲು ಮಾಡಲಾರರು, ಆದ್ದರಿಂದ ಎಲ್ಲರ ಪರವಾಗಿ ಸರ್ಕಾರವೇ ಕೊಡುವುದು ನ್ಯಾಯ ಎಂಬುದು ಮೂರನೆಯ ವಾದ. ಕೊನೆಯದಾಗಿ, ಕ್ರೀಡಾಂಗಣ ಬಂದರೆ ವ್ಯಾಪಾರ ಬೆಳೆಯುತ್ತದೆ, ಹೋಟೆಲುಗಳು ತುಂಬುತ್ತವೆ, ಉದ್ಯೋಗ ಹೆಚ್ಚುತ್ತದೆ, ಹಾಕಿದ ಹಣ ತಾನಾಗಿಯೇ ಹಿಂದಿರುಗುತ್ತದೆ ಎಂದೂ ಅವರು ಹೇಳುತ್ತಾರೆ.

ಈ ಕೊನೆಯ ವಾದವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕಾಗಿದೆ. ಹೊಸಪೇಟೆಯಲ್ಲಿ ಒಂದು ವೃತ್ತಿಪರ ತಂಡದ ಪಂದ್ಯ ನಡೆಯಿತೆಂದು ಭಾವಿಸಿ. ಊರಿನ ಒಂದು ಕುಟುಂಬ ಅದನ್ನು ನೋಡಲು ಸಾವಿರ ರೂಪಾಯಿ ವೆಚ್ಚ ಮಾಡಿತು. ಈ ಸಾವಿರ ರೂಪಾಯಿ ಆಕಾಶದಿಂದ ಇಳಿದದ್ದಲ್ಲ. ಆ ಪಂದ್ಯ ಇಲ್ಲದಿದ್ದರೆ ಅದೇ ಕುಟುಂಬ ಚಲನಚಿತ್ರಕ್ಕೋ, ಜಾತ್ರೆಗೋ, ಬಟ್ಟೆಬರೆಗೋ ಅದನ್ನು ಖರ್ಚು ಮಾಡುತ್ತಿತ್ತು. ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಬೀಳಬೇಕಾದ ಹಣ ತಂಡದ ಪೆಟ್ಟಿಗೆಗೆ ಬಿತ್ತು, ಅಷ್ಟೆ. ತಂಡದ ಒಡೆಯರೂ ಆಟಗಾರರೂ ಬೇರೆ ಊರಿನವರಾಗಿದ್ದರೆ ಆ ಹಣದ ಹೆಚ್ಚು ಭಾಗ ಊರನ್ನೇ ಬಿಟ್ಟುಹೋಗುತ್ತದೆ. ಹೊರಗಿನಿಂದ ಬಂದ ಪ್ರೇಕ್ಷಕನು ತರುವ ಹಣ ಮಾತ್ರ ಊರಿಗೆ ನಿಜವಾದ ಹೊಸ ಹಣ. ಪಂದ್ಯಗಳಾದರೂ ವರ್ಷಕ್ಕೆ ಎಷ್ಟು ದಿನ? 2008ರಲ್ಲಿ ಆರಂಭವಾದ ಐಪಿಎಲ್ ಕ್ರಿಕೆಟ್ಟಿನಲ್ಲಿ ಲೀಗ್ ಹಂತದಲ್ಲಿ ಒಂದು ತಂಡ ತವರು ನೆಲದಲ್ಲಿ ಆಡುತ್ತ ಬಂದಿರುವುದು ಸಾಮಾನ್ಯವಾಗಿ ಏಳು ಪಂದ್ಯ. ಏಳು ದಿನದ ವ್ಯಾಪಾರದಿಂದ ಹೋಟೆಲಿನವನು ವರ್ಷವೆಲ್ಲ ಆಳುಗಳಿಗೆ ಸಂಬಳ ಕೊಡಲಾರನು.

ಇದು ಕೇವಲ ಊಹೆಯಲ್ಲ. ವೃತ್ತಿಪರ ತಂಡಗಳಿಗೆ ನಗರಗಳು ಕ್ರೀಡಾಂಗಣ ಕಟ್ಟಿಕೊಡುವ ಪದ್ಧತಿ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ರೋಜರ್ ನಾಲ್ ಮತ್ತು ಆಂಡ್ರ್ಯೂ ಜಿಂಬಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲಿ ಇಂಥ ಹಲವು ಕ್ರೀಡಾಂಗಣಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಸ್ಥಳೀಯ ಆರ್ಥಿಕ ಬೆಳವಣಿಗೆಗೆ ಇವುಗಳಿಂದ ಹೇಳಿಕೊಳ್ಳುವಂಥ ನೆರವಾಗಿಲ್ಲ, ಹೂಡಿದ ಹಣಕ್ಕೆ ತಕ್ಕ ಪ್ರತಿಫಲ ಬಂದಿಲ್ಲ ಎಂಬುದೇ ಅವರು ಕಂಡುಕೊಂಡ ಸತ್ಯ. ಅನಂತರದ ಸಂಶೋಧಕರಲ್ಲಿ ಬಹುಪಾಲು ಮಂದಿ ಇದೇ ಮಾತನ್ನು ಹೇಳಿದ್ದಾರೆ.

ಕೆನಡಾ ದೇಶದ ಮಾಂಟ್ರಿಯಲ್ ನಗರದ ಕಥೆ ಇನ್ನೂ ಕಣ್ಣು ತೆರೆಸುವಂಥದು. 1976ರ ಒಲಿಂಪಿಕ್ ಕ್ರೀಡಾಕೂಟಕ್ಕಾಗಿ ಆ ನಗರ ಭಾರಿ ಕ್ರೀಡಾಂಗಣವನ್ನು ಕಟ್ಟಿತು. ವೆಚ್ಚ ಅಂದಾಜನ್ನು ಮೀರಿ ಬೆಳೆಯಿತು. ಸಾಲ ತೀರಿಸಲು ಕ್ವಿಬೆಕ್ ಪ್ರಾಂತದಲ್ಲಿ ಹೊಗೆಸೊಪ್ಪಿನ ಮೇಲೆ ವಿಶೇಷ ತೆರಿಗೆಯನ್ನು ಹಾಕಿದರು. ಆ ಸಾಲ ತೀರಿದ್ದು 2006ರಲ್ಲಿ, ಎಂದರೆ ಕ್ರೀಡಾಕೂಟ ಮುಗಿದ ಮೂವತ್ತು ವರ್ಷಗಳ ಮೇಲೆ. ಅಲ್ಲಿ 1977ರಿಂದ ಆಡುತ್ತಿದ್ದ ಎಕ್ಸ್‌ಪೋಸ್ ಎಂಬ ವೃತ್ತಿಪರ ಬೇಸ್‌ಬಾಲ್ ತಂಡ 2004ರಲ್ಲಿ ಕೊನೆಯ ಪಂದ್ಯವನ್ನಾಡಿ, ನಗರವನ್ನು ಬಿಟ್ಟು ಅಮೆರಿಕದ ವಾಷಿಂಗ್ಟನ್ನಿಗೆ ಹೊರಟುಹೋಯಿತು. ತಂಡ ಹೋಯಿತು, ಸಾಲ ಉಳಿಯಿತು. ತಂಡಕ್ಕೆ ಕಾಲುಂಟು, ಕಟ್ಟಡಕ್ಕೆ ಕಾಲಿಲ್ಲ ಎಂಬ ಪಾಠವನ್ನು ಮಾಂಟ್ರಿಯಲ್ಲಿನ ಜನ ದುಬಾರಿ ಬೆಲೆ ತೆತ್ತು ಕಲಿತರು.

ದೂರದ ಮಾತೇಕೆ? ನಮ್ಮ ನಾಡಿನಲ್ಲಿಯೇ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗಿದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ಸರ್ಕಾರದ ಆಸ್ತಿ. ಅದರ ನಡುವೆ ಫುಟ್‌ಬಾಲ್ ಮೈದಾನ, ಸುತ್ತಲೂ ಓಟಗಾರರ ಪಥ. 2013ರಲ್ಲಿ ಹುಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ ಎಂಬ ವೃತ್ತಿಪರ ತಂಡ 2014ರಿಂದ ಇದನ್ನೇ ತನ್ನ ತವರು ನೆಲವನ್ನಾಗಿ ಮಾಡಿಕೊಂಡಿತು. ತಂಡ ಗೆದ್ದಿತು, ಪ್ರೇಕ್ಷಕರು ಸಾವಿರಗಟ್ಟಲೆಯಲ್ಲಿ ಬಂದರು, ಖಾಲಿ ಬೀಳುತ್ತಿದ್ದ ಗ್ಯಾಲರಿಗಳಿಗೆ ಜೀವಕಳೆ ಬಂತು. ಆದರೆ ಪಂದ್ಯಗಳ ಕಾಲದಲ್ಲಿ ತಮಗೆ ಅಭ್ಯಾಸಕ್ಕೆ ಎಡೆ ತಪ್ಪುತ್ತಿದೆ, ಎಸೆತದ ಸ್ಪರ್ಧೆಗಳಿಗೆ ಮೈದಾನ ಸಿಗುತ್ತಿಲ್ಲ ಎಂದು ಓಟಗಾರರೂ ತರಬೇತುದಾರರೂ ದೂರಿದರು. ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಇಲ್ಲಿ ಯಾರದು ಸರಿ, ಯಾರದು ತಪ್ಪು? ಫುಟ್‌ಬಾಲ್ ಪ್ರೇಮಿಯೂ ತೆರಿಗೆ ಕೊಟ್ಟವನೇ. ಮುಂಜಾನೆ ಐದು ಗಂಟೆಗೆ ಎದ್ದು ಬಸ್ಸು ಹಿಡಿದು ಓಡಲು ಬರುವ ಹುಡುಗಿಯೂ ತೆರಿಗೆ ಕೊಟ್ಟವರ ಮಗಳೇ. ವೃತ್ತಿಪರ ತಂಡ ಬಾಡಿಗೆ ಕೊಡುತ್ತದೆ. ಆ ಬಾಡಿಗೆಯಿಂದ ಕ್ರೀಡಾಂಗಣದ ನಿರ್ವಹಣೆಗೆ ನೆರವಾಗುತ್ತದೆ. ಆದರೆ ತಂಡಕ್ಕೆ ಹಣವಿರುವುದರಿಂದ ಇನ್ನೊಂದು ಮೈದಾನವನ್ನು ಹುಡುಕಿಕೊಳ್ಳುವ ಶಕ್ತಿ ಅದಕ್ಕಿದೆ. ಓಟಗಾರ್ತಿಗೆ ಆ ಶಕ್ತಿ ಇಲ್ಲ. ಸರ್ಕಾರದ ಪಥ ಮುಚ್ಚಿದರೆ ಅವಳಿಗೆ ಉಳಿಯುವುದು ರಸ್ತೆಯ ಅಂಚು. ಸಾರ್ವಜನಿಕ ಹಣದಿಂದ ಕಟ್ಟಿದ ಜಾಗದಲ್ಲಿ ಬೇರೆ ದಾರಿ ಇಲ್ಲದವರ ಹಕ್ಕು ಮೊದಲು ಬರಬೇಕೆಂಬುದು ಈ ಪ್ರಸಂಗದಿಂದ ನಾವು ತೆಗೆಯಬಹುದಾದ ನೀತಿ.

ಕ್ರಿಕೆಟ್ಟಿನ ಕಥೆ ತುಸು ಬೇರೆ. ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ ನಿರ್ಮಾಣ 1970ರಲ್ಲಿ ಆರಂಭವಾಯಿತು. 1974ರ ನವೆಂಬರಿನಲ್ಲಿ ಅಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ತಂಡಗಳ ನಡುವೆ ಮೊದಲ ಟೆಸ್ಟ್ ಪಂದ್ಯ ನಡೆಯಿತು. ನೆಲ ಗುತ್ತಿಗೆಯಾಗಿ ದೊರೆತದ್ದು. ಕಟ್ಟಡವನ್ನು ಎಬ್ಬಿಸಿ ನಡೆಸಿಕೊಂಡು ಬಂದದ್ದು ರಾಜ್ಯದ ಕ್ರಿಕೆಟ್ ಸಂಸ್ಥೆ. ಸಾರ್ವಜನಿಕ ನೆರವೂ ಸಂಘದ ಸ್ವಂತ ದುಡಿಮೆಯೂ ಸೇರಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಆದರೆ ಕಟ್ಟಿದಲ್ಲಿಗೆ ಹೊಣೆ ಮುಗಿಯುವುದಿಲ್ಲ. 2025ರ ಜೂನ್ 4ರಂದು ವಿಜಯೋತ್ಸವಕ್ಕೆ ಸೇರಿದ ಜನಸಾಗರದಲ್ಲಿ ಇದೇ ಕ್ರೀಡಾಂಗಣದ ಹೊರಗೆ ಕಾಲ್ತುಳಿತ ಉಂಟಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಜನ ಸೇರುವ ಜಾಗಕ್ಕೆ ಅಗಲವಾದ ದಾರಿ, ಸಾಕಷ್ಟು ಬಾಗಿಲು, ಪೊಲೀಸರು, ವೈದ್ಯರು ಬೇಕು. ಇವೂ ಕ್ರೀಡಾಂಗಣದ ಬೆಲೆಯಲ್ಲಿ ಸೇರಿದ ಬಾಬುಗಳೇ ಎಂಬುದನ್ನು ಆ ದುರಂತ ನಮಗೆ ನೆನಪಿಸಿತು.

ಆ ಬಳಿಕ, 2025ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದ ಬಳಿ 80,000 ಆಸನಗಳ ಕ್ರಿಕೆಟ್ ಕ್ರೀಡಾಂಗಣವನ್ನೊಳಗೊಂಡ ಕ್ರೀಡಾ ಸಮುಚ್ಚಯವೊಂದರ ಪ್ರಸ್ತಾವಕ್ಕೆ ಸರ್ಕಾರ ಒಪ್ಪಿಗೆ ನೀಡಿತು. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಅದನ್ನು ಕರ್ನಾಟಕ ಗೃಹ ಮಂಡಳಿ ಭರಿಸುವುದೆಂದೂ ಸರ್ಕಾರದ ಮೇಲೆ ಹೊರೆ ಬೀಳದೆಂದೂ ಹೇಳಲಾಯಿತು. ಆದರೆ ಗೃಹ ಮಂಡಳಿಯೂ ಜನರದೇ ಸಂಸ್ಥೆ ಎಂಬುದನ್ನು ಮರೆಯಬಾರದು. 1,650 ಕೋಟಿ ಎಂದರೆ ಎಷ್ಟೆಂದು ಮನಸ್ಸಿಗೆ ಹೊಳೆಯುವುದು ಕಷ್ಟ. ಒಂದು ಲೆಕ್ಕ ಹಾಕಿ ನೋಡೋಣ. ಈ ಹಣಕ್ಕೆ ಶೇಕಡ 7ರಂತೆ ಬಡ್ಡಿ ಎಂದು ಇಟ್ಟುಕೊಂಡರೆ ವರ್ಷಕ್ಕೆ ಬಡ್ಡಿಯೊಂದೇ 115 ಕೋಟಿ ರೂಪಾಯಿಗೂ ಮಿಗಿಲು. ದಿನಕ್ಕೆ 31 ಲಕ್ಷಕ್ಕೂ ಹೆಚ್ಚು. ಒಂದು ಶಾಲೆಯ ಬಯಲನ್ನು ಸಮತಟ್ಟು ಮಾಡಿ, ಬೇಲಿ ಹಾಕಿ, ನೀರಿನ ಸೌಕರ್ಯ ಒದಗಿಸಲು 10 ಲಕ್ಷ ಬೇಕೆಂದು ಭಾವಿಸಿದರೆ, ಅದೇ ಮೊತ್ತದಲ್ಲಿ 16,500 ಶಾಲೆಗಳಿಗೆ ಆಟದ ಬಯಲು ಸಿದ್ಧವಾಗುತ್ತದೆ. ಈ ಲೆಕ್ಕವನ್ನು ಹೇಳಿದ್ದು ದೊಡ್ಡ ಕ್ರೀಡಾಂಗಣ ಬೇಡವೆನ್ನಲು ಅಲ್ಲ. ದೊಡ್ಡ ನಗರಕ್ಕೆ ಸುರಕ್ಷಿತವಾದ ಅಂಗಣ ಬೇಕಾಗಬಹುದು. ಆದರೆ ಕೊಡುವ ಮುನ್ನ, ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ತಿಳಿದಿರಬೇಕು.

ಹಾಗಾದರೆ ಎಲ್ಲವನ್ನೂ ಸಿರಿವಂತ ಉದ್ಯಮಗಳಿಗೆ ಬಿಟ್ಟುಬಿಡಬಹುದಲ್ಲ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ಹುಡುಕಲು ತೋರಣಗಲ್ಲಿನ ಕಡೆಗೆ ತಿರುಗಬೇಕು. ಅಲ್ಲಿಯ ಉಕ್ಕಿನ ಕಾರ್ಖಾನೆಯ ವಸತಿನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ತರಬೇತಿ ಸಂಸ್ಥೆ ಪ್ರಾರಂಭವಾಯಿತು. ಕುಸ್ತಿ, ಮುಷ್ಟಿಯುದ್ಧ, ಜೂಡೊ, ಓಟ ಮತ್ತು ಎಸೆತದ ಸ್ಪರ್ಧೆಗಳಿಗೆ ಅಲ್ಲಿ ಶಿಕ್ಷಣ ದೊರೆಯುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭರ್ಜಿ ಎಸೆತದ ಚಿನ್ನದ ಪದಕ ಗೆದ್ದ ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದವರು. ಸರ್ಕಾರದ ಬೊಕ್ಕಸಕ್ಕೆ ಕೈಹಾಕದೆ ಇಂಥ ಸಂಸ್ಥೆಯನ್ನು ಕಟ್ಟಬಹುದೆಂಬುದಕ್ಕೆ ಇದು ಸಾಕ್ಷಿ. ಆದರೂ ಎರಡು ಮಾತುಗಳನ್ನು ಗಮನಿಸಬೇಕು. ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕೆಂದು 2013ರ ಕಂಪನಿ ಕಾಯಿದೆ ವಿಧಿಸಿದೆ. ಹಾಗೆ ವಿನಿಯೋಗಿಸಬಹುದಾದ ಕಾರ್ಯಗಳ ಪಟ್ಟಿಯಲ್ಲಿ ಕ್ರೀಡಾ ತರಬೇತಿಯೂ ಸೇರಿದೆ. ಎಂದರೆ ಖಾಸಗಿ ದಾನದ ಹಿಂದೆಯೂ ಸಾರ್ವಜನಿಕ ಕಾನೂನಿನ ಪ್ರೇರಣೆಯಿದೆ. ಎರಡನೆಯದಾಗಿ, ಇಂಥ ಸಂಸ್ಥೆ ಆರಿಸುವುದು ಅಸಾಧಾರಣ ಪ್ರತಿಭೆಯನ್ನು. ಪದಕ ಗೆಲ್ಲಲಾರದ, ಆದರೂ ಆಡಬೇಕೆಂಬ ಆಸೆಯುಳ್ಳ ಲಕ್ಷಾಂತರ ಸಾಮಾನ್ಯ ಮಕ್ಕಳನ್ನು ಆರಿಸಿಕೊಳ್ಳುವವರು ಯಾರು? ಅವರ ಹೊಣೆ ಸಮಾಜದ್ದೇ, ಎಂದರೆ ಸಾರ್ವಜನಿಕ ಹಣದ್ದೇ.

ಪಾಪಿನಾಯಕನಹಳ್ಳಿಯಂಥ ಗಣಿಸೀಮೆಯ ಊರುಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಅರ್ಥವಿದೆ. ನೆಲದ ಅದಿರು ಒಮ್ಮೆ ಅಗೆದರೆ ಮುಗಿಯುವಂಥದು; ಕಬ್ಬು ಬಾಳೆಗಳಂತೆ ಅದು ಮತ್ತೆ ಚಿಗುರುವುದಿಲ್ಲ. ಅಕ್ರಮ ಗಣಿಗಾರಿಕೆಯಿಂದಾದ ಹಾನಿಯನ್ನು ಕಂಡು 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿದಿತ್ತು. ಹೊಸಪೇಟೆ ಆಗ ಆ ಜಿಲ್ಲೆಗೆ ಸೇರಿತ್ತು. ವಿಜಯನಗರ ಜಿಲ್ಲೆ ರಚನೆಯಾದದ್ದು 2021ರಲ್ಲಿ. ಗಣಿಯಿಂದ ಬಾಧಿತವಾದ ಜನರ ಹಿತಕ್ಕಾಗಿ 2015ರ ಕಾಯಿದೆಯ ಮೇರೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಸ್ಥಾಪನೆಯಾದವು. ಹಳೆಯ ಗುತ್ತಿಗೆದಾರರು ರಾಜಧನದ ಶೇಕಡ 30ರಷ್ಟನ್ನೂ, ಹರಾಜಿನಲ್ಲಿ ಪಡೆದ ಹೊಸಬರು ಶೇಕಡ 10ರಷ್ಟನ್ನೂ ಈ ನಿಧಿಗೆ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ, ನೈರ್ಮಲ್ಯ ಮೊದಲಾದ ಆದ್ಯತೆಯ ಕ್ಷೇತ್ರಗಳಿಗೆ ನಿಧಿಯ ಶೇಕಡ 60ಕ್ಕೆ ಕಡಿಮೆಯಿಲ್ಲದಷ್ಟು ವೆಚ್ಚವಾಗಬೇಕೆಂದು 2015ರ ಮಾರ್ಗಸೂಚಿ ಹೇಳಿತು; 2024ರಲ್ಲಿ ಈ ಪ್ರಮಾಣವನ್ನು ಶೇಕಡ 70ಕ್ಕೆ ಏರಿಸಲಾಯಿತು. ಶಿಕ್ಷಣದ ಬಾಬಿನಲ್ಲಿ ಕ್ರೀಡಾ ಸೌಕರ್ಯವೂ ಸೇರಿದೆ.

ಆದ್ದರಿಂದ ಈ ಸೀಮೆಯಲ್ಲಿ ಅಂಗಣ ಕಟ್ಟುವುದು ಕಾನೂನಿಗೆ ಒಪ್ಪಿದ ಕೆಲಸವೇ. ಎಂಥ ಅಂಗಣ ಎಂಬುದೇ ಪ್ರಶ್ನೆ. ಅದಿರು ಕರಗಿದ ಮೇಲೆ ಉಳಿಯುವುದು ಅದರ ಹಣದಿಂದ ಕಟ್ಟಿದ್ದು ಮಾತ್ರ. ಧೂಳು ಕುಡಿದು ಬೆಳೆದ ಮಕ್ಕಳಿಗೆ ಸಲ್ಲಬೇಕಾದ ಹಣದಲ್ಲಿ ವರ್ಷಕ್ಕೆ ಏಳು ದಿನ ದೀಪ ಹೊತ್ತುವ, ಉಳಿದ ದಿನಗಳಲ್ಲಿ ಬೀಗ ಹಾಕಿರುವ ಭವ್ಯ ಕಟ್ಟಡ ಎದ್ದರೆ ಅದು ನ್ಯಾಯವಾಗಲಾರದು. ಅದೇ ಹಣದಲ್ಲಿ ದಿನವೂ ಸಂಜೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ನಿರ್ಭಯವಾಗಿ ಆಡಬಲ್ಲ ಬಯಲು, ಕುಡಿಯಲು ನೀರು, ಬಟ್ಟೆ ಬದಲಿಸಲು ಕೋಣೆ, ಶೌಚಾಲಯ, ಕಲಿಸಲು ಒಬ್ಬ ದೈಹಿಕ ಶಿಕ್ಷಕರು ದೊರೆತರೆ ಅದು ಕೆರೆ ಕಟ್ಟಿಸಿದಂತೆ. ಅದರ ಫಲ ಆರೋಗ್ಯದ ರೂಪದಲ್ಲಿ ಮುಂದಿನ ತಲೆಮಾರಿಗೂ ಹರಿಯುತ್ತದೆ.

ಇಷ್ಟನ್ನು ವಿಚಾರಮಾಡಿದ ಮೇಲೆ ಒಂದು ತೀರ್ಮಾನಕ್ಕೆ ಬರಬಹುದು. ಸಾರ್ವಜನಿಕ ಹಣವನ್ನು ಕ್ರೀಡೆಗೆ ಕೊಡಬಾರದೆಂಬುದು ಸಂಕುಚಿತ ಮಾತು. ಕೇಳಿದಷ್ಟೂ ಕೊಡಬೇಕೆಂಬುದು ವಿವೇಕವಿಲ್ಲದ ಮಾತು. ಕೊಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಕಟ್ಟಿದ ಮೇಲೆ ಅದರ ಒಡೆತನ ಯಾರದು? ವರ್ಷದ 365 ದಿನಗಳಲ್ಲಿ ಎಷ್ಟು ದಿನ ಅದರ ಬಾಗಿಲು ಸಾಮಾನ್ಯರಿಗೆ ತೆರೆದಿರುತ್ತದೆ? ಲಾಭ ಬಂದಾಗ ಯಾರಿಗೆ, ನಷ್ಟವಾದಾಗ ಯಾರಿಗೆ? ಹತ್ತು ವರ್ಷಗಳ ಮೇಲೆ ಅದನ್ನು ದುರಸ್ತಿ ಮಾಡಿಸುವವರು ಯಾರು? ಒಡೆತನ ಜನರದಾಗಿದ್ದು, ಬಾಗಿಲು ತೆರೆದಿದ್ದು, ವೃತ್ತಿಪರ ತಂಡ ತಕ್ಕ ಬಾಡಿಗೆ ಕೊಟ್ಟು ತನ್ನ ಪಾಲಿನ ದಿನಗಳಲ್ಲಿ ಆಡಿ ಹೋಗುವುದಾದರೆ ಅಂಥ ಕ್ರೀಡಾಂಗಣಕ್ಕೆ ಹಣ ಕೊಡಲು ಯಾರೂ ಹಿಂಜರಿಯಬೇಕಾಗಿಲ್ಲ. ನಷ್ಟ ಮಾತ್ರ ಜನರಿಗೆ, ಲಾಭವೆಲ್ಲ ಒಡೆಯರಿಗೆ ಎಂಬ ಕರಾರು ಇದ್ದರೆ, ಕಟ್ಟಡ ಎಷ್ಟೇ ಸುಂದರವಾಗಿದ್ದರೂ ಅದಕ್ಕೆ ಒಪ್ಪಬಾರದು.

ಈ ಪ್ರಶ್ನೆಗಳನ್ನು ಕೇಳಲು ಅರ್ಥಶಾಸ್ತ್ರದ ಪಂಡಿತರೇ ಆಗಬೇಕಾಗಿಲ್ಲ. ನಮ್ಮ ಗ್ರಾಮಸಭೆಯಲ್ಲಿ ಊರಿನ ಪ್ರತಿಯೊಬ್ಬ ಮತದಾರನೂ ಸದಸ್ಯನೇ. ಇನ್ನು ಕೆಲವು ವರ್ಷಗಳಲ್ಲಿ ನೀವೂ ಆ ಸಭೆಯಲ್ಲಿ ಕುಳಿತುಕೊಳ್ಳುವಿರಿ. ಊರಿನ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅದರಿಂದ ಯಾರ ಮಗು ಆಡಿತು ಎಂದು ಅಂದು ಕೇಳುವ ಧೈರ್ಯ ನಿಮ್ಮಲ್ಲಿರಲಿ. ಆಟದ ನಿಯಮ ಎಲ್ಲರಿಗೂ ಒಂದೇ ಎಂಬುದು ಕ್ರೀಡೆಯ ಮೊದಲ ಪಾಠ. ಆಟಕ್ಕೆ ಕೊಡುವ ಹಣದ ವಿಷಯದಲ್ಲಿಯೂ ಆ ಪಾಠ ಸಲ್ಲಬೇಕು.